ಹಾರ ಹಾಕಿಸಿಕೊಂಡ ಬೋರ್ಡು

"ಕುಂಕುಮ ಇಡಬ್ಯಾಡ, ಹಾರ ಹಾಕಬ್ಯಾಡ, ಊದಿನಕಡ್ಡಿ ಅಚ್ಚಬ್ಯಾಡ! ಇದೇನ್ಲಾ, ಇಸ್ಕೂಲಾ ಇಲ್ಲಾ ಸೂತಕದ ಮನೆಯಾ?" ಎಂದು ನಾನು ಕೂಗಿದೆ.

ಯತೀಶ ಏಣಿಯ ಮೇಲಿಂದಲೇ ತಿರುಗಿ ಕೂಗಿದ. "ಬಾವ, ಇದು ಟಚ್ ಸ್ಕ್ರೀನು ಕಣಪ್ಪೋ! ಮುಂದ್ಗಡೆ ಏನು ಅಡ್ಡ ಬಂದ್ರೂ ಬೆರಳು ಅನ್ಕತದೆ. ಹಾರ ಕಟ್ಟಿದ್ರೆ ಬೋರ್ಡಿಗೆ ತಲೆ ಕೆಡ್ತದೆ."

"ತಲೆ ಕೆಟ್ಟಿರದು ನಿಂಗೆ. ನನ್ನ ಟ್ರ್ಯಾಕ್ಟರ್‌ಗೆ ಹಾರ ಹಾಕಿವ್ನಿ, ಅದು ಓಡ್ತಿಲ್ವಾ? ಪಂಪ್‌ಸೆಟ್‌ಗೆ ಹಾಕಿವ್ನಿ, ನೀರು ಎತ್ತಾಕ್ತಿಲ್ವಾ? ನಿಮ್ಮಕ್ಕನ ಮಿಕ್ಸಿಗೆ ಕುಂಕುಮ ಇಟ್ಟಿವ್ನಿ, ಅದು ಚಟ್ನಿ ರುಬ್ಬಲ್ಲ ಅಂತ ಮುನಿಸ್ಕೊಂಡೈತಾ? ನಿನ್ನ ಬೋರ್ಡು ಏನು ದೇವಲೋಕದಿಂದ ಉದುರ್ತಾ?"

"ಗೆಜ್ಜಲಗೆರೆಯಿಂದ ಬಂತು."

"ಅದ್ನೇ ಏಳಿದ್ದು. ಗೆಜ್ಜಲಗೆರೆಯಿಂದ ಬಂದಿದ್ದಕ್ಕೆ ಇಷ್ಟು ಕೊಬ್ಬು ಬ್ಯಾಡ."

ಯತೀಶ ನನ್ನ ಹೆಂಡತಿಯ ತಮ್ಮ. ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಆ ಕಾರ್ಖಾನೆಯವರು ಹಳ್ಳಿ ಶಾಲೆಗಳಿಗೆ ಏನಾದರೂ ದಾನ ಮಾಡುತ್ತಿರುತ್ತಾರೆ. ಅವರ ಬೆನ್ನು ಬಿದ್ದು ನಮ್ಮ ಹುಣಸೆಕೊಪ್ಪಲಿನ ಶಾಲೆಗೆ ಒಂದು ಡಿಜಿಟಲ್ ಬೋರ್ಡು ಕೊಡಿಸಿದ್ದ. ಕೊಡಿಸಿದವನು ಕೊಡಿಸಿ ಸುಮ್ಮನಿರಬೇಕು. ಪೂಜೆ ಹೇಗೆ ಮಾಡಬೇಕೆಂದು ನನಗೆ ಹೇಳುವುದಕ್ಕೆ ಬಂದದ್ದೇ ತಪ್ಪು.

ನಾನು ಸಿದ್ದರಾಮು, ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷ. ಇದೇ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಅದಕ್ಕಿಂತ ಹೆಚ್ಚು ತಿಳಿದುಕೊಂಡರೆ ಕಬ್ಬು ಬೆಳೆಯುವುದಕ್ಕೆ ಮನಸ್ಸು ಬರುವುದಿಲ್ಲವೆಂದು ಅಲ್ಲಿಗೇ ನಿಲ್ಲಿಸಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರಿನವರು ಹೇಳುತ್ತಾರೆ. ಅದು ಸುಳ್ಳು. ಜನ ಒಂದೇ ಸಲಕ್ಕೆ ಮಾತು ಕೇಳಿದರೆ ನಾನು ಕೂಗುವುದೇ ಇಲ್ಲ. ಈವರೆಗೆ ಯಾರೂ ಕೇಳಿಲ್ಲ, ಅಷ್ಟೆ.

ನಮ್ಮ ಕೂಗಾಟಕ್ಕೆ ಶೋಭಿತಾ ಟೀಚರ್ ಬಾಗಿಲಿಗೆ ಬಂದರು. ಶಾಲೆಗೆ ಇರುವ ಇಬ್ಬರು ಟೀಚರಲ್ಲಿ ಒಬ್ಬರು, ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಮೆಲ್ಲಗೆ ಮಾತಾಡುತ್ತಾರೆ, ಅದೇ ನನಗೆ ತೊಂದರೆ. ಕೂಗುವವರಿಗೆ ತಿರುಗಿ ಕೂಗಬಹುದು. ಮೆಲ್ಲಗೆ ಹೇಳುವವರಿಗೆ ಏನು ಮಾಡುವುದು?

"ಅಧ್ಯಕ್ಷರೇ, ಯತೀಶ್ ಹೇಳೋದು ನಿಜ. ಬೆರಳು ಯಾವುದು, ಹೂವು ಯಾವುದು ಅಂತ ಈ ಬೋರ್ಡು ನೋಡಲ್ಲ."

"ನೀವೇ ಕಲಿಸಿ ಟೀಚರ್. ಬುದ್ಧಿ ಕಲಿಸಕೆ ತಾನೆ ನೀವಿರದು?" ಎಂದೆ. ಅವರು ನಕ್ಕರು.

ಬಿಸಿಯೂಟದ ಮುದ್ದಮ್ಮ ಸೌಟು ಹಿಡಿದುಕೊಂಡೇ ಬಂದಿದ್ದಳು. "ಹಾಕ್ಲಿ ಬುಡಿ ಟೀಚರ್. ಅವ್ರು ನನ್ನ ಕುಕ್ಕರ್‌ಗೂ ಹಾರ ಹಾಕಿದ್ರು. ಸೀಟಿ ತೂತಕ್ಕೆ ಹೂವು ಸಿಕ್ಕಾಕ್ಕೊಂಡು ಅವತ್ತು ಬ್ಯಾಳೆ ಸೂರಿಗಂಟ್ಕತ್ತು. ನಾನೇನಾರ ಅಂದ್ನಾ?"

ಅಂದೇ ಅಂದಳು. ಆವತ್ತಿನಿಂದ ದಿನಾ ಅನ್ನುತ್ತಿದ್ದಾಳೆ.

ಮಳವಳ್ಳಿ ಮಾರ್ಕೆಟ್ಟಿನಿಂದ ತಂದ ಚೆಂಡುಹೂವಿನ ದಪ್ಪ ಹಾರವನ್ನು ನಾನೇ ಏಣಿ ಹತ್ತಿ ಬೋರ್ಡಿನ ಎರಡು ಮೂಲೆಗೂ ಕಟ್ಟಿದೆ. ಅದು ನಡುವೆ ಜೋತುಬಿದ್ದು ಒಳ್ಳೆ ಮದುವೆ ಚಪ್ಪರದ ಹಾಗೆ ಕಾಣುತ್ತಿತ್ತು. ಕಾಯಿ ಒಡೆದೆ. ಮಂಗಳಾರತಿ ಎತ್ತಿದೆ. "ಈ ಹಾರ ಯಾರಾರ ಮುಟ್ಟೀರಾ, ಜೋಕೆ!" ಎಂದೆ. ಯತೀಶನಿಗೆ ಕೋಪ ಬಂದರೂ ಮಿಕ್ಕ ಕೆಲಸ ಮುಗಿಸಿದ. ಶಾಲೆಗೆ ಇಂಟರ್‌ನೆಟ್ ಇರಲಿಲ್ಲ. ನನ್ನ ಫೋನಿನ ನೆಟ್ಟನ್ನೂ ನನ್ನ ವಾಟ್ಸಾಪನ್ನೂ ಬೋರ್ಡಿಗೆ ಕೂಡಿಸಿದ. "ಪೋಷಕರ ಮೀಟಿಂಗ್ ನಡೆದ್ರೆ ಊರಿಂದಾಚೆ ದುಡಿಯೋರೂ ಇದ್ರಲ್ಲೇ ಕಾಣ್ತಾರೆ ಬಾವ. ಬೋರ್ಡಿನ ನೆತ್ತಿ ಮ್ಯಾಲೆ ಕ್ಯಾಮೆರಾ ಐತೆ" ಎಂದ.

ಟೀಚರ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನನ್ನ ಮಗಳು ದೀಪಿಕ ನಾಲ್ಕನೇ ತರಗತಿ. ಮನೆಯಲ್ಲಿ ಬೆಕ್ಕಿನ ಜೊತೆ ಮಾತಾಡುತ್ತಿದ್ದಳು, ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ತೆಗೆಯುತ್ತಿರಲಿಲ್ಲ. "ಮನೆಗೆ ಬೇಕಾದ ಮಾತ್ನೆಲ್ಲ ನೀವೊಬ್ರೇ ಆಡಿ ಮುಗಿಸ್ತೀರಿ, ಮಗೀಗೆ ಎಲ್ಲಿ ಉಳೀತದೆ?" ಎನ್ನುತ್ತಾಳೆ ನನ್ನ ಹೆಂಡತಿ ರೂಪ. ಟೀಚರ್ ಒಂದು ಉಪಾಯ ಮಾಡಿದರು. "ನನ್ನ ಮುಂದೆ ಹೇಳೋದು ಬೇಡ ಪುಟ್ಟಿ. ಮನೆಗೆ ಹೋಗಿ ಅಮ್ಮನ ಫೋನಲ್ಲಿ ವಾಯ್ಸ್ ಕಳಿಸು" ಎಂದರು. ಹುಡುಗಿ ಮಂಚದ ಕೆಳಗೆ ಕುಳಿತು ಮಗ್ಗಿ ಹೇಳಿ ಕಳಿಸಿದಳು. ಟೀಚರ್ ಅದನ್ನು ತರಗತಿಯಲ್ಲಿ ಕೇಳಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಮಾರನೆಯ ವಾರ ಅಜ್ಜಿ ಹೇಳಿಕೊಟ್ಟ ಒಗಟು ಕಳಿಸಿದಳು. ಹೀಗೆ ಮಂಚದ ಕೆಳಗಿದ್ದ ದನಿ ಜಗಲಿಗೆ ಬಂತು, ಜಗಲಿಯಿಂದ ಶಾಲೆಯ ಬಾಗಿಲಿಗೆ ಬಂತು, ಈಗ ಟೀಚರ ಕಿವಿಯ ಹತ್ತಿರಕ್ಕೆ ಬಂದಿದೆ. ನಾಲ್ಕು ಜನರ ಮುಂದೆ ಇನ್ನೂ ಬಂದಿಲ್ಲ. "ಬರುತ್ತೆ, ಆತುರ ಬೇಡ" ಎನ್ನುತ್ತಾರೆ ಟೀಚರ್. ಹಾಗೆನ್ನುವಾಗ ನನ್ನ ಮುಖವನ್ನೇ ನೋಡುತ್ತಾರೆ.

ಇರಲಿ. ಪೂಜೆ ಮುಗಿದು ಸೆಕೆಯಾಯಿತೆಂದು ನಾನು ಫ್ಯಾನ್ ಹಾಕಿದೆ.

ಹಾಕಿದ್ದೇ ತಡ, ಬೋರ್ಡಿನಲ್ಲಿ ಟಿಣ್ ಎಂದಿತು. ಯಾರೂ ಮುಟ್ಟಿರಲಿಲ್ಲ. ಸೂರ್ಯ ಬಂದ. ಸೂರ್ಯನ ಸುತ್ತ ಗ್ರಹಗಳು ಬಂದವು. ಮತ್ತೆ ಟಿಣ್. ಜೇನುಹುಳು ಬಂತು. ಮತ್ತೆ ಟಿಣ್. ಏಳರ ಮಗ್ಗಿ!

"ಬಾವ, ಅದು ಹಾರ ಗಾಳೀಗೆ..." ಎಂದು ಯತೀಶ ಶುರುಮಾಡಿದ.

"ಬಾಯಿ ಮುಚ್ಚು! ನೋಡ್ದಾ ಪೂಜೆ ಮಾಡಿದ್ದಕ್ಕೆ ಫಲ? ತಾನೇ ಪಾಠ ಮಾಡ್ತಾ ಐತೆ!"

ಅಷ್ಟೇ ಹೇಳಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಿಂದೆಲ್ಲ ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ತಮಟೆಯವನನ್ನು ಹುಡುಕಬೇಕಿತ್ತು, ಅವನು ಸಿಗುವಷ್ಟರಲ್ಲಿ ಹೇಳುವವನ ಆವೇಶ ಇಳಿದಿರುತ್ತಿತ್ತು. ಈಗ ಹೆಬ್ಬೆರಳು ಒತ್ತಿದರೆ ಸಾಕು. ನಾನು ಪೋಷಕರ ಗುಂಪಿಗೆ, ಕಬ್ಬು ಬೆಳೆಗಾರರ ಗುಂಪಿಗೆ, ಬೀಗರ ಗುಂಪಿಗೆ ಒಂದೇ ವಾಯ್ಸ್ ಬಿಟ್ಟೆ: "ಎಲ್ಲಾರೂ ಕೇಳಿ. ನಮ್ಮ ಹುಣಸೆಕೊಪ್ಪಲ ಇಸ್ಕೂಲಿಗೆ ಮುಟ್ಟದೇ ಇದ್ರೂ ಪಾಠ ಮಾಡೋ ಬೋರ್ಡು ಬಂದೈತೆ. ಮೇಷ್ಟ್ರೂ ಬ್ಯಾಡ, ಟೀಚರೂ ಬ್ಯಾಡ, ಅದ್ಕೆ ಎಲ್ಲಾ ಗೊತ್ತು. ನಂಬದೇ ಇರೋರು ಬಂದು ನೋಡ್ಕಂಡು ಓಗಿ!"

ನಂಬದವರು ಬರಲಿಲ್ಲ. ನಂಬಿದವರೇ ಬಂದರು. ಅದು ಇನ್ನೂ ಕಷ್ಟ.

ಮೊದಲು ಬಂದವನು ಕಿರುಗಾವಲಿನಲ್ಲಿ ಟೀ ಅಂಗಡಿ ಇಟ್ಟಿರುವ ಶಿವಣ್ಣ. ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದುಕೊಂಡೇ ಒಳಗೆ ಬಂದ. "ಸಿದ್ದರಾಮಣ್ಣ, ನಮ್ಮ ಪುನೀತ್‌ಗೆ ಎಲ್ಲೂ ಹೆಣ್ಣು ಕೂಡಿ ಬತ್ತಿಲ್ಲ. ಇದನ್ನ ಕೇಳಬೌದಾ?"

"ಇದು ಇಸ್ಕೂಲ್ ಬೋರ್ಡು ಕಣ್ಲಾ, ಸಾಸ್ತ್ರ ಏಳದಲ್ಲ" ಎಂದು ನಾನು ಬೈಯುವುದರೊಳಗೆ ಹಾರ ತೂಗಿತು. ಟಿಣ್. ದುಂಡಗಿನ ಚಂದ್ರ ಬಂದ.

"ಚಂದ್ರಬಲ!" ಎಂದು ಶಿವಣ್ಣ ನೆಲ ಮುಟ್ಟಿ ನಮಸ್ಕರಿಸಿದ.

ಟಿಣ್. ಏಳರ ಮಗ್ಗಿ.

"ಏಳನೇ ತಿಂಗಳಿಗೆ ಲಗ್ನ!"

ಟಿಣ್. ಹಸು ಬಂತು, ಪಕ್ಕದಲ್ಲಿ ಕರು.

ಶಿವಣ್ಣ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಇದು ವಸಿ ಬಿರ್‌ಬಿರ್ನೆ ಆಯ್ತು" ಎಂದ. ಆದರೂ ಸಂತೋಷದಿಂದಲೇ ಹೋದ. ಅವನ ಅಂಗಡಿಯಲ್ಲಿ ಟೀ ಕುಡಿದವರೆಲ್ಲ ಸಂಜೆಯೊಳಗೆ ನಮ್ಮ ಶಾಲೆಯಲ್ಲಿದ್ದರು. ಮುದ್ದಮ್ಮ ಬಾಗಿಲಲ್ಲಿ ಸೌಟು ಅಡ್ಡ ಹಿಡಿದು ಸಾಲು ಮಾಡಿಸಬೇಕಾಯಿತು. ಟೀಚರ್ ಮಕ್ಕಳನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಪಾಠ ಮಾಡಿದರು. ಡಿಜಿಟಲ್ ಬೋರ್ಡು ಬಂದ ಮೊದಲ ದಿನ ನಮ್ಮ ಮಕ್ಕಳು ಬೋರ್ಡಿಲ್ಲದೆ ಕಲಿತರು.

ಮಾರನೆಯ ದಿನ ಉದ್ಘಾಟನೆ. ಮಳವಳ್ಳಿಯಿಂದ ಶಿಕ್ಷಣ ಇಲಾಖೆಯ ನಾಗರಾಜು ಸಾಹೇಬರು ಜೀಪಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಅವರಿಗೂ ಅಧ್ಯಕ್ಷನಾದ ನನಗೂ ಶಾಲು, ಪೇಟ, ಎಳನೀರು ಎಲ್ಲ ಆಯಿತು. ಊರೆಲ್ಲ ತರಗತಿಯೊಳಗೆ ತುಂಬಿತ್ತು. ನಾನು ಫ್ಯಾನ್ ಹಾಕಿದೆ. ಟಿಣ್ ಎಂದಿತು, ಸೂರ್ಯ ಬಂದ. ಟಿಣ್, ಜೇನುಹುಳು. ಊರು ಚಪ್ಪಾಳೆ ತಟ್ಟಿತು.

"ಭಲೇ! ಯಾರೂ ಮುಟ್ಟದೆ!" ಎಂದರು ಸಾಹೇಬರು.

"ಸಾರ್, ಅದು ಹಾರ ತಾಗಿ..." ಎಂದು ಯತೀಶ ಬಾಯಿ ತೆಗೆದ.

"ಹಾರ ಅಲ್ಲ ಸಾರ್!" ಎಂದು ನಾನು ಅವನ ಕಾಲು ತುಳಿದೆ. "ಬೋರ್ಡಿನ ಬುದ್ಧಿ. ಎಲ್ಲಾ ತಾನೇ ತಿಳ್ಕತದೆ."

ಸಾಹೇಬರು ಮೈಕು ಹಿಡಿದರು. ಡಿಜಿಟಲ್ ಯುಗ ಎಂದರು. ಸೀಮೆಸುಣ್ಣದ ಕಾಲ ಮುಗಿಯಿತು ಎಂದರು. ನಾನು ತಲೆಯಾಡಿಸುತ್ತ ಕುಳಿತಿದ್ದೆ. ಆಮೇಲೆ ಅದೇ ದನಿಯಲ್ಲಿ, ನಗುನಗುತ್ತಲೇ ಹೇಳಿದರು: "ಅಧ್ಯಕ್ಷರು ವಾಯ್ಸ್ ಮೆಸೇಜ್ ಕಳಿಸಿದ್ದರು, ಸುತ್ತಿ ಬಳಸಿ ನನಗೂ ಬಂತು. ನಾನು ನಂಬಿರಲಿಲ್ಲ, ಈಗ ಕಣ್ಣಾರೆ ಕಂಡೆ. ಇಷ್ಟು ಬುದ್ಧಿಯ ಬೋರ್ಡು ಇರುವಾಗ ಇಲ್ಲಿಗೆ ಇಬ್ಬರು ಟೀಚರ್ ಯಾಕೆ? ಶೋಭಿತಾ ಅವರನ್ನು ಬೇರೆ ಶಾಲೆಗೆ ನಿಯೋಜನೆ ಮಾಡ್ತೀನಿ. ಸೋಮವಾರವೇ ಆರ್ಡರ್."

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೆಯೇ ನಿಂತವು. ರೂಪ ನನ್ನ ಕಡೆ ತಿರುಗಿದಳು. ಮುದ್ದಮ್ಮ ತಿರುಗಿದಳು. ಇಡೀ ಊರು ತಿರುಗಿತು. ದೀಪಿಕ ಟೀಚರ ಸೀರೆಯ ಸೆರಗು ಹಿಡಿದುಕೊಂಡಳು.

ನಾನು ಎದ್ದು ನಿಂತೆ. "ಸಾರ್, ತಪ್ಪು ತಿಳ್ಕಬ್ಯಾಡಿ. ಈ ಬೋರ್ಡಿಗೆ ಏನೂ ಬರಲ್ಲ. ಇದು ಸುದ್ಧ ದಡ್ಡ ಬೋರ್ಡು."

"ಎಲ್ಲಾ ತಾನೇ ತಿಳ್ಕೊಳ್ಳುತ್ತೆ ಅಂದ್ರಿ?"

"ಇಲ್ಲ ಸಾರ್. ಹಾರ. ಹಾರ ಒತ್ತುತಾ ಐತೆ. ಗಾಳಿಗೆ ತೂಗ್ತದೆ, ತಾಗ್ತದೆ, ಟಿಣ್ ಅಂತದೆ."

"ಈಗ ತಾನೆ ಹಾರ ಅಲ್ಲ ಅಂದ್ರಿ?"

"ಅವಾಗ ಅಲ್ಲ ಸಾರ್, ಇವಾಗ ಹೌದು."

ಸಾಹೇಬರು ಜೇಬಿನಿಂದ ಫೋನ್ ತೆಗೆದು, ಮೈಕಿಗೆ ಹಿಡಿದು, ನನ್ನದೇ ದನಿಯನ್ನು ಊರಿಗೆ ಕೇಳಿಸಿದರು. "ಮೇಷ್ಟ್ರೂ ಬ್ಯಾಡ, ಟೀಚರೂ ಬ್ಯಾಡ, ಅದ್ಕೆ ಎಲ್ಲಾ ಗೊತ್ತು!" ನಮ್ಮ ತಾತನ ಕಾಲದಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು, ಆಡಿಲ್ಲ ಎಂದು ಊರ ಮುಂದೆ ಆಣೆ ಮಾಡಿದರೂ ನಡೆಯುತ್ತಿತ್ತು. ಈಗಿನ ಮಾತು ಸಾಹೇಬರ ಜೇಬಿನಲ್ಲಿ ಇರುತ್ತದೆ.

"ತಲೆ ಮ್ಯಾಲೆ ಹಾಕ್ಕಳಿ ನಿಮ್ಮ ಹಾರವ" ಎಂದಳು ರೂಪ, ನನಗೆ ಮಾತ್ರ ಕೇಳುವಂತೆ. ಮೊದಲ ಸಾಲಿನಲ್ಲಿದ್ದವರಿಗೂ ಕೇಳಿಸಿತು.

"ಆಯ್ತು, ಹಾರವೇ ಅಂತ ಇಟ್ಕೊಳ್ಳಿ" ಎಂದರು ಸಾಹೇಬರು. ಅವರು ತುಂಬಾ ಓದಿದವರು, ವಾದ ಮಾಡಿ ಗೆಲ್ಲುವುದು ಸುಲಭವಲ್ಲ. "ಒಂದು ಹೂವಿನ ಹಾರ ಕೂಡ ಪಾಠ ಮಾಡಿಸಬಲ್ಲ ಬೋರ್ಡು ಅಂದಮೇಲೆ ಟೀಚರ್ ಇನ್ನೂ ಯಾಕೆ ಬೇಕು?"

ಉತ್ತರವಿಲ್ಲದಾಗ ನಾನು ಕೂಗುತ್ತೇನೆ. "ಏನ್ರೀ ಲಾ ಪಾಯಿಂಟು ಮಾತಾಡ್ತೀರಿ!" ಎಂದು ಮುನ್ನುಗ್ಗಿದೆ. ಯತೀಶ ನನ್ನ ಸೊಂಟ ಹಿಡಿದ. ಅವನನ್ನು ಬಿಡಿಸಿಕೊಳ್ಳಲು ತಿರುಗಿದಾಗ ನನ್ನ ತಲೆಯ ಪೇಟ ಹಾರಕ್ಕೆ ಸಿಕ್ಕಿಕೊಂಡಿತು. ಹಾರ ಜೋರಾಗಿ ಒಮ್ಮೆ ಆಚೆ, ಒಮ್ಮೆ ಈಚೆ ತೂಗಿತು. ಟಿಣ್ ಟಿಣ್ ಟಿಣ್ ಟಿಣ್. ಸೂರ್ಯ ಹೋದ, ಹಸು ಹೋಯಿತು, ನನ್ನ ವಾಟ್ಸಾಪು ಬಂತು, ಹಾರ ಅದರಲ್ಲಿ ಯಾರ ಹೆಸರು ಒತ್ತಿತೋ, ಎಲ್ಲೋ ಫೋನು ರಿಂಗಾಯಿತು.

ಆಮೇಲೆ ಬೋರ್ಡಿನ ತುಂಬ ಒಂದು ಕೆಂಪು ಗುಂಡು ಮೂಡಿತು.

"ಸೂರ್ಯ!" ಎಂದರು ಮಕ್ಕಳು ಒಟ್ಟಿಗೆ.

ಸೂರ್ಯನಲ್ಲ, ಕುಂಕುಮ. ಅದರ ಕೆಳಗೆ ಅರ್ಧ ಹುಬ್ಬು, ತಟ್ಟೆಯಗಲದ ಮೂಗುಬೊಟ್ಟು. ನಮ್ಮ ಅತ್ತೆ ಚಿಕ್ಕಬೋರಮ್ಮ! ಯತೀಶನ, ರೂಪಳ ತಾಯಿ. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಇರುವವರು. ವಿಡಿಯೋ ಕಾಲ್ ಬಂದರೆ ಫೋನನ್ನು ಹಣೆಗೆ ಅಂಟಿಸಿಕೊಂಡೇ ಮಾತಾಡುತ್ತಾರೆ.

"ಯಾರ್ಲಾ ಅದು? ಅಳಿಯಂದ್ರಾ? ಅವರೆಕಾಯಿ ಸುಲೀತಾ ಕುಂತಿದ್ದೆ. ಇದ್ಯಾಕೆ ಇಷ್ಟು ಜನ? ಯಾರಾರ ಓಗ್ಬುಟ್ರಾ?" ಹಾರ ಕಟ್ಟಿದ ಬೋರ್ಡಿನೊಳಗಿಂದ ಅವರೇ ಹಾಗೆ ಕೇಳಿದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕೆಂದು ನಕ್ಕರು.

"ಯಾರೂ ಓಗಿಲ್ಲ ಕಣವ್ವ, ಫೋನ್ ಇಡು!" ಎಂದ ಯತೀಶ.

"ನೀನ್ಯಾವನ್ಲಾ ಇಡು ಅನ್ನಕೆ, ಮಾಡಿರೋರು ನೀವು! ಎಲ್ಲಿ ನಮ್ಮ ದೀಪು? ಅದ್ಯಾಕವ್ವ ಮೊಕ ಬಾಡೋಗೈತೆ? ಏಳು ಕಂದ."

ದೀಪಿಕ ಟೀಚರ ಸೆರಗು ಬಿಟ್ಟಳು. ಬೋರ್ಡಿನ ಹತ್ತಿರಕ್ಕೆ ಹೋದಳು. ಬೆಳಗಿನಿಂದ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೇ ಏನೋ, ಎಲ್ಲರಿಗೂ ಕೇಳಿಸಿತು.

"ಅಜ್ಜಿ, ನಮ್ಮ ಟೀಚರ್‌ನ ಕಳಿಸ್ಬುಡ್ತಾರಂತೆ. ಬೋರ್ಡ್ ಐತಲ್ಲ, ಟೀಚರ್ ಬ್ಯಾಡ್ವಂತೆ. ಬೋರ್ಡು ಪಾಠ ಏಳ್ತದೆ ಅಜ್ಜಿ, ಆದ್ರೆ ನಾವು ಏಳಿದ್ದ ಅದು ಕೇಳುಸ್ಕಳಲ್ಲ."

ಶೋಭಿತಾ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣಿಗೂ ಊದಿನಕಡ್ಡಿಯ ಹೊಗೆ ಹೊಡೆಯಿತು.

"ಯಾವನವ್ವ ಅಂಗಂದೋನು?" ಎಂದರು ಅತ್ತೆ. ಫೋನು ಹಣೆಯಿಂದ ದೂರ ಹೋಯಿತು, ಈಗ ಇಡೀ ಮುಖ ಬಂತು. ಕಣ್ಣು ಕಿರಿದು ಮಾಡಿ ನೋಡಿದರು. "ಅಲ್ಲಿ ಪೇಟ ಸುತ್ಕಂಡು ನಿಂತವ್ನಲ್ಲ... ಲೇ, ನೀನು ನಮ್ಮ ಪಕ್ಕದ್ಮನೆ ಚಿಕ್ಕಬೋರಯ್ಯನ ಮಗ ನಾಗ ಅಲ್ವ್ಲಾ?"

ಸಾಹೇಬರ ಮುಖದ ಇಸ್ತ್ರಿ ಮುರಿಯಿತು. ಮಂಡ್ಯ ಜಿಲ್ಲೆಯಲ್ಲಿ ಎಷ್ಟು ದೊಡ್ಡ ಅಧಿಕಾರಿಯಾದರೂ ಒಬ್ಬ ಅಜ್ಜಿಗೆ ಅವನು ಯಾರದೋ ಮಗನೇ ಆಗಿರುತ್ತಾನೆ.

"ಹೌದು ಚಿಕ್ಕವ್ವ... ಚೆನ್ನಾಗಿದ್ದೀರಾ?"

"ನಾನು ಚೆಂದಾಕಿವ್ನಿ. ನಿನ್ನ ಕತೆ ಏಳು. ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಸೆ ದಿನ ಏನ್ಲಾ ಮಾಡ್ದೆ?"

"ಚಿಕ್ಕವ್ವ, ಸಭೆ ನಡೀತಾ ಇದೆ..."

"ನಡೀಲಿ, ಸಭೇನೂ ಕೇಳ್ಲಿ. ಪರೀಕ್ಸೆಗೆ ಎದ್ರಿಕೊಂಡು ಇಸ್ಕೂಲ್ ಗೋಡೆ ಆರಿ, ನಮ್ಮ ತೋಟದ ನೇರಳೆ ಮರ ಅತ್ತಿ ಕುಂತಿದ್ನಪ್ಪ! ನಿಮ್ಮಪ್ಪ ಕಲ್ಲು ಬೀರ್ದ, ಇಳೀಲಿಲ್ಲ. ನಿಮ್ಮವ್ವ ಎದೆ ಬಡ್ಕಂಡ್ಳು, ಇಳೀಲಿಲ್ಲ. ಮೇಷ್ಟ್ರು ಬಂದ್ರು. ಪಂಚೆ ಎತ್ತಿ ಕಟ್ಟಿ ಆ ವಯಸ್ನಾಗೆ ಮರ ಅತ್ತಿ, ನಿನ್ನ ಪಕ್ಕದ ಕೊಂಬೇಲಿ ಕುಂತ್ಕಂಡು ಅದೇನು ಏಳಿದ್ರೋ, ನೀನು ಇಳ್ದೆ. ಸೈಕಲ್ ಮ್ಯಾಲೆ ಕೂರುಸ್ಕಂಡು ಮದ್ದೂರಿಗೆ ಕರ್ಕಂಡೋಗಿ ಪರೀಕ್ಸೆ ಬರೆಸುದ್ರು. ನಿನ್ನ ಚಡ್ಡಿ ತುಂಬ ನೇರಳೆ ಹಣ್ಣಿನ ಕರೆ. ಅವತ್ತು ಬರೆದಿದ್ದಕ್ಕೆ ಇವತ್ತು ಜೀಪು. ಈಗ ಏಳು, ಈ ಬೋರ್ಡು ಮರ ಅತ್ತುತದೇನ್ಲಾ ನಾಗ?"

ಮುದ್ದಮ್ಮ ಸೌಟಿನಿಂದ ಬೆಂಚು ಬಡಿದಳು. ಊರೆಲ್ಲ ನಗತೊಡಗಿತು. ಮಕ್ಕಳಂತೂ "ಅತ್ತಲ್ಲ! ಅತ್ತಲ್ಲ!" ಎಂದು ಕೂಗಿದವು.

ಸಾಹೇಬರು ನಕ್ಕಂತೆ ಮಾಡಿದರು. ಜೇಬಿನಿಂದ ಫೋನ್ ತೆಗೆದು ಕಿವಿಗೆ ಹಿಡಿದರು. ಅದು ರಿಂಗ್ ಆಗಿರಲಿಲ್ಲ. "ಹಲೋ... ಹಲೋ... ಕೇಳ್ತಾ ಇಲ್ಲ... ಇಲ್ಲಿ ಸಿಗ್ನಲ್ ಇಲ್ಲ" ಎಂದರು. "ಒಂದು ನಿಮಿಷ ಅಧ್ಯಕ್ಷರೇ, ಹೊರಗೆ ಹೋಗಿ ಮಾತಾಡಿ ಬರ್ತೀನಿ." ಸೋಮವಾರದ ಆರ್ಡರಿನ ಮಾತನ್ನೇ ಎತ್ತದೆ, ಪೇಟ, ಶಾಲು ಸಮೇತ ಬಾಗಿಲು ದಾಟಿದರು.

ಶೋಭಿತಾ ಟೀಚರ್ ಮೆಲ್ಲಗೆ ಹೋಗಿ ಫ್ಯಾನ್ ಆರಿಸಿದರು. ಹಾರ ನಿಂತಿತು. ಟಿಣ್ ಎನ್ನುವುದೂ ನಿಂತಿತು. "ಹಾರ ಬಿಚ್ಚಲಾ ಅಧ್ಯಕ್ಷರೇ?" ಎಂದು ಕೇಳಿದರು. ನಾನೇ ಬಿಚ್ಚಿದೆ. ಎಲ್ಲಿಡುವುದೆಂದು ತಿಳಿಯದೆ ಯತೀಶನ ಕೊರಳಿಗೆ ಹಾಕಿದೆ. ಅವನು ಅದನ್ನು ಸನ್ಮಾನ ಎಂದುಕೊಂಡ.

"ಎಲ್ಲೋದ್ಲಾ ನಾಗ?" ಎಂದರು ಬೋರ್ಡಿನಿಂದ ಅತ್ತೆ.

"ಸಿಗ್ನಲ್ ಉಡುಕಕೆ ಓಗವ್ರೆ ಅತ್ತೆ."

"ಗೋಡೆ ಆರುದ್ನಾ, ಗೇಟಲ್ಲಿ ಓದ್ನಾ?"

"ಗೇಟಲ್ಲಿ."

"ಪರ್ವಾಗಿಲ್ಲ, ಓದಿದ್ದು ವಸಿ ತಲೆಗತ್ತೈತೆ."

ಮುದ್ದಮ್ಮ ಎಲೆ ಹಾಕಿದಳು. ಸಾಹೇಬರ ಎಲೆಗೆ ಮುದ್ದೆ, ನಾಟಿ ಕೋಳಿ ಸಾರು ಬಡಿಸಿ, ಮೇಲೆ ಇನ್ನೊಂದು ಎಲೆ ಮುಚ್ಚಿ ಕಾದಳು. ನಮ್ಮ ಊಟ ಮುಗಿಯಿತು. ಮುದ್ದೆ ತಣ್ಣಗಾಗಿ ಕಲ್ಲಾಯಿತು.

"ಹೋಗಿ ನೋಡು ಪುಟ್ಟಿ, ಸಾಹೇಬರು ಬರ್ತಾ ಇದ್ದಾರಾ ಅಂತ" ಎಂದರು ಟೀಚರ್.

ದೀಪಿಕ ಓಡಿದಳು. ಗೇಟಿನ ಕಂಬಿ ಹತ್ತಿ ನಿಂತು ಕಿರುಗಾವಲು ರಸ್ತೆಯ ಉದ್ದಕ್ಕೂ ನೋಡಿದಳು. ಆಮೇಲೆ ಅಲ್ಲಿಂದಲೇ, ಕಬ್ಬಿನ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಮೇಲೇಳುವಂತೆ ಕೂಗಿದಳು:

"ಇಲ್ಲಾ ಟೀಚರ್! ಜೀಪೂ ಇಲ್ಲಾ! ಓಗ್ಬುಟ್ರೂ!"

"ದೇವ್ರೇ, ಅಪ್ಪನ ಗಂಟಲು" ಎಂದಳು ರೂಪ.